ನೂರು ಮೀಟರ್ ಆಚೆಗೂ ತಂತಿಯ ನೆಟ್‌ವರ್ಕ್ ಒಯ್ಯುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಹಿತ್ತಲಾಚೆಯ ಕಟ್ಟಡಕ್ಕೋ, ಗೇಟಿನ ಕ್ಯಾಮೆರಾಕ್ಕೋ, ಮೇಲಂತಸ್ತಿನ ಕೊನೆಯ ಕೋಣೆಗೋ ನೆಟ್‌ವರ್ಕ್ ಕೇಬಲ್ ಎಳೆದವರ ದೂರು ಬಹುಪಾಲು ಒಂದೇ ಥರ ಇರುತ್ತದೆ. ಪೋರ್ಟಿನ ದೀಪ ಉರಿಯುತ್ತದೆ, ಆದರೆ ಪುಟ ತೆರೆಯುವುದಿಲ್ಲ. ಬೆಳಿಗ್ಗೆ ಸರಿಯಿದ್ದದ್ದು ಮಧ್ಯಾಹ್ನ ಕಡಿಯುತ್ತದೆ. ಗಿಗಾಬಿಟ್ ವೇಗ (1000 ಎಂಬಿಪಿಎಸ್, ಅಂದರೆ ಸೆಕೆಂಡಿಗೆ ಸಾವಿರ ಮೆಗಾಬಿಟ್) ಬರಬೇಕಾದ ಕಡೆ 100 ಎಂಬಿಪಿಎಸ್‌ಗೆ ನಿಂತುಬಿಡುತ್ತದೆ. ಕಾರಣವೂ ಹೆಚ್ಚುಕಡಿಮೆ ಒಂದೇ: ಮೊದಲು ಕೇಬಲ್ ಕೊಂಡು, ಆಮೇಲೆ ಎಳೆದು, ಕೈಕೊಟ್ಟ ಮೇಲೆ ದೂರ ಎಷ್ಟೆಂದು ನೋಡುತ್ತಾರೆ. ಕೆಲಸ ನಡೆಯಬೇಕಾದದ್ದು ಇದರ ತಿರುಗುಮುರುಗಾಗಿ. ಮೊದಲು ಅಳತೆ, ನಂತರ ವಿಧಾನದ ಆಯ್ಕೆ, ಆಮೇಲೆ ಸಾಮಾನು. ಎಳೆಯುವ ಮುನ್ನ ಒಂದು ಪರೀಕ್ಷೆ, ಎಳೆದ ಮೇಲೆ ಇನ್ನೊಂದು.

## ಹಂತ 1: ಕೇಬಲ್ ಹೋಗುವ ದಾರಿಯಲ್ಲೇ ದೂರ ಅಳೆಯಿರಿ

ಮ್ಯಾಪಿನಲ್ಲಿ ಕಾಣುವ ನೇರ ದೂರ ಇಲ್ಲಿ ಉಪಯೋಗಕ್ಕೆ ಬಾರದು. ಕೇಬಲ್ ಗೋಡೆ ಹತ್ತಬೇಕು, ಮೂಲೆ ತಿರುಗಬೇಕು, ಆ ಕಡೆ ಮತ್ತೆ ಇಳಿಯಬೇಕು. ಒಂದು ಹಗ್ಗವನ್ನು ನಿಜವಾದ ದಾರಿಯಲ್ಲೇ ಹಾಯಿಸಿ ಅಳೆಯಿರಿ. ಎರಡೂ ತುದಿಗೆ ತಲಾ 3 ಮೀಟರ್ ಸೇರಿಸಿ, ಒಟ್ಟು ಲೆಕ್ಕದ ಮೇಲೆ ಶೇ 10ರಷ್ಟು ಹೆಚ್ಚಿಗೆ ಇಟ್ಟುಕೊಳ್ಳಿ.

ಕೇಬಲ್ ಈಗಾಗಲೇ ಗೋಡೆಯೊಳಗೆ ಇದ್ದರೆ ಅದರ ಹೊದಿಕೆ ಓದಿ. ಒಳ್ಳೆಯ ಕೇಬಲಿನ ಮೇಲೆ ಮೀಟರಿಗೊಮ್ಮೆ ಸಂಖ್ಯೆ ಅಚ್ಚಾಗಿರುತ್ತದೆ; ಕೆಲವುದರಲ್ಲಿ ಲೆಕ್ಕ ಅಡಿಯಲ್ಲಿರುತ್ತದೆ, ಗಮನಿಸಿ. ಒಂದು ತುದಿಯಲ್ಲಿ 212, ಇನ್ನೊಂದರಲ್ಲಿ 305 ಕಂಡರೆ ನಡುವೆ ಇರುವುದು 93 ಮೀಟರ್.

ತಿರುಚಿದ ತಾಮ್ರದ ಜೋಡಿಗಳ ಈಥರ್ನೆಟ್ ಕೇಬಲಿಗೆ ಮಿತಿ 100 ಮೀಟರ್. ಈ ನೂರರಲ್ಲಿ 90 ಮೀಟರ್ ಗೋಡೆ, ಪೈಪಿನೊಳಗೆ ಹೋಗುವ ಗಟ್ಟಿ ತಂತಿಯ ಕೇಬಲಿಗೆ. ಉಳಿದ 10 ಮೀಟರ್ ಎರಡೂ ತುದಿಯಲ್ಲಿ ಸಾಧನಕ್ಕೆ ಸಿಕ್ಕಿಸುವ ಗಿಡ್ಡ, ಮೆತ್ತನೆಯ ಕೇಬಲ್ಲುಗಳಾದ ಪ್ಯಾಚ್ ಕಾರ್ಡ್‌ಗಳಿಗೆ. ಪ್ಯಾಚ್ ಕಾರ್ಡಿನೊಳಗಿನ ನವಿರು ಎಳೆಗಳ ತಂತಿಯಲ್ಲಿ ಸಿಗ್ನಲ್ ಹೆಚ್ಚು ಕುಗ್ಗುವುದರಿಂದಲೇ ಈ ಹಂಚಿಕೆ. ಆದ್ದರಿಂದ 80 ಮೀಟರ್ ಪ್ಯಾಚ್ ಕೇಬಲನ್ನೇ ಉದ್ದಕ್ಕೂ ಎಳೆಯುವುದು ತಪ್ಪು.

ಗಿಗಾಬಿಟ್‌ಗೆ ಕ್ಯಾಟ್-5ಇ ದರ್ಜೆಯ ಕೇಬಲೇ ಪೂರ್ತಿ 100 ಮೀಟರ್ ಸಾಕು. 10 ಗಿಗಾಬಿಟ್ ಬೇಕಿದ್ದರೆ ಕ್ಯಾಟ್-6 ಸುಮಾರು 55 ಮೀಟರಿಗೆ ಮುಗಿಯುತ್ತದೆ, ಪೂರ್ತಿ ನೂರಕ್ಕೆ ಕ್ಯಾಟ್-6ಎ ಬೇಕು. ಗಿಗಾಬಿಟ್ ಓಡಿಸುವವರು ಕ್ಯಾಟ್-6 ಹಾಕಿದರೆ ದೂರ ಹೆಚ್ಚುತ್ತದೆಂದು ನಂಬಬಾರದು. ಮಿತಿ ಅದೇ ನೂರು.

“ನನ್ನಲ್ಲಿ 120 ಮೀಟರ್ ಓಡುತ್ತಿದೆಯಲ್ಲ” ಎನ್ನುವವರಿದ್ದಾರೆ. ಓಡಬಹುದು, ನೂರರಾಚೆ ಸಿಗ್ನಲ್ ಥಟ್ಟನೆ ಸಾಯುವುದಿಲ್ಲ. ಆದರೆ ಬಿಸಿಲಿನ ಲೆಕ್ಕ ನೋಡಿ. 20 ಡಿಗ್ರಿ ಸೆಲ್ಸಿಯಸ್ ಮೇಲೆ ಪ್ರತಿ ಡಿಗ್ರಿಗೆ ಸುಮಾರು ಶೇ 0.4ರಂತೆ, 40 ದಾಟಿದ ಮೇಲೆ ಶೇ 0.6ರಂತೆ ಕೇಬಲಿನ ನಷ್ಟ ಏರುತ್ತದೆ. ಕಾದ ತಾರಸಿಯ ಮೇಲೆ 60 ಡಿಗ್ರಿ ಮುಟ್ಟಿದ ಕೇಬಲಿನಲ್ಲಿ ನಷ್ಟ ಐದನೇ ಒಂದರಷ್ಟು ಹೆಚ್ಚಾಗಿ, 90 ಮೀಟರಿನ ಮಿತಿ 75ಕ್ಕೆ ಇಳಿಯುತ್ತದೆ. ರಾತ್ರಿ ಚೆನ್ನಾಗಿದ್ದು ಮಧ್ಯಾಹ್ನ ಮಾತ್ರ ಕಡಿಯುವ ಸಂಪರ್ಕದಲ್ಲಿ ಮೊದಲು ಶಂಕಿಸಬೇಕಾದದ್ದು ಇದನ್ನೇ.

## ಹಂತ 2: ವಿಧಾನ ಆರಿಸಿ

ಒಂದೇ ಕಟ್ಟಡ, 90 ಮೀಟರ್ ಒಳಗೆ: ಮಧ್ಯೆ ಎಲ್ಲೂ ಜೋಡಣೆ ಇಲ್ಲದ ಒಂದೇ ಕೇಬಲ್. ಇದರ ಮೇಲೆ ಯೋಚಿಸುವುದೇ ಬೇಡ.

ಒಂದೇ ಕಟ್ಟಡ, 90ರಿಂದ 180 ಮೀಟರ್, ನಡುದಾರಿಯಲ್ಲಿ ವಿದ್ಯುತ್ ಇದೆ: ಮಧ್ಯದಲ್ಲಿ ಒಂದು ಸಾಮಾನ್ಯ ನೆಟ್‌ವರ್ಕ್ ಸ್ವಿಚ್ (ಹಲವು ನೆಟ್‌ವರ್ಕ್ ಕೇಬಲ್ ಸೇರಿಸುವ ಪೆಟ್ಟಿಗೆ). ಸ್ವಿಚ್ ಬಂದ ಸಿಗ್ನಲನ್ನು ಓದಿ ಹೊಸದಾಗಿ ಕಳಿಸುವುದರಿಂದ ಅಲ್ಲಿಂದ ಮತ್ತೆ 100 ಮೀಟರ್ ಲೆಕ್ಕ ಶುರು. ಸ್ವಿಚ್ ಇಡುವ ಜಾಗ ನೆರಳಿನಲ್ಲಿರಲಿ, ಮಳೆ ತಾಗದಿರಲಿ, ಅದರ ವಿದ್ಯುತ್ತಿಗೆ ಬ್ಯಾಕಪ್ ಇರಲಿ. ರೂಟರಿಗೆ ಯುಪಿಎಸ್ ಇಟ್ಟು ಮಧ್ಯದ ಸ್ವಿಚ್ಚನ್ನು ಮರೆಯುವುದು ತೀರಾ ಸಾಮಾನ್ಯ.

ನಡುದಾರಿಯಲ್ಲಿ ವಿದ್ಯುತ್ ಇಲ್ಲ: ಪಿಒಇ (ನೆಟ್‌ವರ್ಕ್ ಕೇಬಲಿನಲ್ಲೇ ವಿದ್ಯುತ್ ಕಳಿಸುವ ವಿಧಾನ) ಎಕ್ಸ್‌ಟೆಂಡರ್. ಇದು ಹಿಂದಿನ ಸ್ವಿಚ್ಚಿನಿಂದ ಕೇಬಲಿನಲ್ಲೇ ಬರುವ ವಿದ್ಯುತ್ತಿನಿಂದ ನಡೆಯುತ್ತದೆ, ಉಳಿದದ್ದನ್ನು ಮುಂದಕ್ಕೆ ಕೊಡುತ್ತದೆ. ಒಂದೆರಡು ಸಾಲಾಗಿ ಹಾಕಬಹುದು; ವಿದ್ಯುತ್ತಿನ ಲೆಕ್ಕ ಹಂತ 7ರಲ್ಲಿದೆ.

ಒಂದೇ ಒಂದು ಕ್ಯಾಮೆರಾ: ಕೆಲವು ಪಿಒಇ ಸ್ವಿಚ್ಚುಗಳಲ್ಲಿ ‘ಎಕ್ಸ್‌ಟೆಂಡ್’ ಎಂಬ ಗುಂಡಿ ಇರುತ್ತದೆ. ಒತ್ತಿದರೆ ಪೋರ್ಟು 10 ಎಂಬಿಪಿಎಸ್‌ಗೆ ಇಳಿದು 250 ಮೀಟರ್‌ವರೆಗೆ ಸಾಗುತ್ತದೆಂದು ತಯಾರಕರು ಹೇಳುತ್ತಾರೆ. ಇದು ಈಥರ್ನೆಟ್ ಮಾನದಂಡದ ಭಾಗವಲ್ಲ, ಶುದ್ಧ ತಾಮ್ರದ ಕೇಬಲ್ ಇದ್ದರೆ ಮಾತ್ರ ನೆಚ್ಚಬಹುದು. ಕ್ಯಾಮೆರಾಕ್ಕೆ ಸಾಕು, ಕಂಪ್ಯೂಟರಿಗೆ ಬೇಡ.

ಹಳೆಯ ಫೋನ್ ತಂತಿ ಅಥವಾ ಟಿವಿಯ ಕೋಆಕ್ಸ್ ಕೇಬಲ್ ಇದೆ, ಹೊಸದನ್ನು ಎಳೆಯಲು ದಾರಿಯೇ ಇಲ್ಲ: ಫೋನ್ ಜೋಡಿಗೆ ವಿಡಿಎಸ್ಎಲ್ ಎಕ್ಸ್‌ಟೆಂಡರ್, ಕೋಆಕ್ಸಿಗೆ ಮೋಕಾ ಅಥವಾ ಜಿ.ಎಚ್ಎನ್ ಅಡಾಪ್ಟರ್. ವಿಡಿಎಸ್ಎಲ್‌ನಲ್ಲಿ ದೂರ ಹೆಚ್ಚಿದಂತೆ ವೇಗ ಕುಸಿಯುತ್ತದೆ. ಒಂದು ತುದಿಯ ಪೆಟ್ಟಿಗೆಯನ್ನು ‘ಮಾಸ್ಟರ್’, ಇನ್ನೊಂದನ್ನು ‘ಸ್ಲೇವ್’ ಸ್ಥಾನಕ್ಕೆ ಇಡದಿದ್ದರೆ ಎರಡೂ ಸುಮ್ಮನೆ ಮಿಟುಕುತ್ತಾ ಕೂರುತ್ತವೆ.

ಎರಡು ಬೇರೆ ಕಟ್ಟಡಗಳ ನಡುವೆ, ಅಥವಾ 180 ಮೀಟರ್ ದಾಟಿದರೆ: ಫೈಬರ್, ಅಂದರೆ ಬೆಳಕಿನ ರೂಪದಲ್ಲಿ ಸಿಗ್ನಲ್ ಒಯ್ಯುವ ಗಾಜಿನ ಎಳೆಯ ಕೇಬಲ್. ಇಲ್ಲಿ ಚೌಕಾಶಿ ಬೇಡ. ಕಟ್ಟಡಗಳು ಬರೀ 30 ಮೀಟರ್ ದೂರದಲ್ಲಿದ್ದರೂ ನಮ್ಮ ಸಲಹೆ ಫೈಬರೇ. ಎರಡು ಕಟ್ಟಡಗಳ ಅರ್ತಿಂಗ್ ಬೇರೆ ಬೇರೆ, ಅವುಗಳ ವೋಲ್ಟೇಜ್ ಒಂದೇ ಇರುವುದಿಲ್ಲ. ಹತ್ತಿರದಲ್ಲೆಲ್ಲೋ ಸಿಡಿಲು ಬಡಿದರೆ ಆ ವ್ಯತ್ಯಾಸ ಸಾವಿರಾರು ವೋಲ್ಟಿಗೆ ಹಾರಿ ತಾಮ್ರದ ಕೇಬಲಿನ ಮೂಲಕವೇ ಹಾಯುತ್ತದೆ. ಎರಡೂ ಕಡೆಯ ಸ್ವಿಚ್ಚು ಸುಟ್ಟುಹೋಗುತ್ತದೆ, ಕೆಲವೊಮ್ಮೆ ಅದಕ್ಕೆ ಜೋಡಿಸಿದ ಕಂಪ್ಯೂಟರೂ. ಶೀಲ್ಡ್ (ಲೋಹದ ಒಳಹೊದಿಕೆ) ಇರುವ ಕೇಬಲ್ ಹಾಕಿ ಎರಡೂ ತುದಿಗೆ ಅರ್ತ್ ಕೊಟ್ಟರೆ ಸಿಡಿಲಿಲ್ಲದ ದಿನವೂ ಆ ಶೀಲ್ಡಿನಲ್ಲಿ ಕರೆಂಟು ಹರಿಯುತ್ತಿರಬಹುದು. ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ, ಅಲ್ಲಿಗೆ ಈ ತಲೆನೋವು ಮುಗಿಯಿತು. ತಾಮ್ರವೇ ಅನಿವಾರ್ಯವಾದರೆ ಎರಡೂ ಕಟ್ಟಡದ ಪ್ರವೇಶದಲ್ಲಿ ಸರ್ಜ್ ಪ್ರೊಟೆಕ್ಟರ್ (ಹಾರಿಬಂದ ವೋಲ್ಟೇಜನ್ನು ಅರ್ತಿಗೆ ಹರಿಸುವ ಸಾಧನ) ಹಾಕಿ, ಅದನ್ನು ಆಯಾ ಕಟ್ಟಡದ ಅರ್ತಿಂಗಿಗೆ ಗಿಡ್ಡ, ದಪ್ಪ ತಂತಿಯಿಂದ ಕಟ್ಟಿ. ಅರ್ತ್ ಕೊಡದ ಸರ್ಜ್ ಪ್ರೊಟೆಕ್ಟರ್ ಇದ್ದೂ ಇಲ್ಲದಂತೆ.

ಎಲ್ಲಕ್ಕಿಂತ ಹೆಚ್ಚು ಸಲ ಕಾಣುವ ತಪ್ಪು ಇನ್ನೊಂದಿದೆ: ಎರಡು ಕೇಬಲ್‌ಗಳನ್ನು ಪ್ಲಾಸ್ಟಿಕ್ ಕಪ್ಲರ್‌ನಿಂದ ಜೋಡಿಸಿ ದೂರ ಹೆಚ್ಚಿಸಿದೆವೆಂದುಕೊಳ್ಳುವುದು. ಕಪ್ಲರಿನೊಳಗೆ ಯಾವ ಎಲೆಕ್ಟ್ರಾನಿಕ್ಸೂ ಇಲ್ಲ. ಅದು ಸಿಗ್ನಲನ್ನು ಬಲಪಡಿಸುವುದಿಲ್ಲ, ಬದಲಿಗೆ ಇನ್ನಷ್ಟು ನಷ್ಟವನ್ನೇ ಸೇರಿಸುತ್ತದೆ. ‘ಎಕ್ಸ್‌ಟೆಂಡರ್’ ಎಂಬ ಹೆಸರಿನಲ್ಲಿ ಕಪ್ಲರನ್ನೇ ಮಾರುವುದುಂಟು. ವಿದ್ಯುತ್ ಬೇಡದ ಪೆಟ್ಟಿಗೆ ದೂರ ಹೆಚ್ಚಿಸಲಾರದು.

## ಹಂತ 3: ಸಾಮಾನು

ತಾಮ್ರದ ಕೇಬಲ್ ಕೊಳ್ಳುವಾಗ ನೋಡಬೇಕಾದ ಮೊದಲ ಸಂಗತಿ ಅದು ನಿಜವಾಗಿ ತಾಮ್ರವೇ ಎಂಬುದು. ಅಲ್ಯುಮಿನಿಯಂ ಮೇಲೆ ತೆಳುವಾಗಿ ತಾಮ್ರ ಲೇಪಿಸಿದ ಸಿಸಿಎ ಕೇಬಲ್ ಹೇರಳವಾಗಿ ಮಾರಾಟವಾಗುತ್ತದೆ. ಅದರ ವಿದ್ಯುತ್ ನಿರೋಧ ಹೆಚ್ಚು, ಬಗ್ಗಿಸಿದರೆ ಮುರಿಯುತ್ತದೆ, ಪಿಒಇ ಹಾಯಿಸಿದರೆ ಬಿಸಿಯಾಗುತ್ತದೆ. ಒಂದು ತಂತಿಯ ತುದಿಯನ್ನು ಬ್ಲೇಡಿನಿಂದ ಹೆರೆದು ನೋಡಿ: ಒಳಗೂ ಕೆಂಪಾಗಿದ್ದರೆ ತಾಮ್ರ, ಬೆಳ್ಳಿಯ ಬಣ್ಣ ಇಣುಕಿದರೆ ಸಿಸಿಎ. 305 ಮೀಟರಿನ ಪೆಟ್ಟಿಗೆ ಎತ್ತಿದಾಗ ಅನುಮಾನ ಬರುವಷ್ಟು ಹಗುರವಿದ್ದರೂ ಅದೇ ಅರ್ಥ.

ಹೊರಾಂಗಣಕ್ಕೆ ಕಪ್ಪು ಪಾಲಿಎಥಿಲೀನ್ ಹೊದಿಕೆಯ ಕೇಬಲ್ಲೇ ಆಗಬೇಕು. ಒಳಾಂಗಣದ ಪಿವಿಸಿ ಹೊದಿಕೆ ಬಿಸಿಲಿಗೆ ಒಡೆದು ನೀರು ಕುಡಿಯುತ್ತದೆ. ನೆಲದಡಿಗೆ ಜೆಲ್ ತುಂಬಿದ್ದು ಒಳ್ಳೆಯದು.

ಫೈಬರ್ ದಾರಿಗೆ ಬೇಕಾದದ್ದು:

- ಸಿಂಗಲ್ ಮೋಡ್ ಕೇಬಲ್ (ಬೆಳಕಿನ ದಾರಿ ತೀರಾ ಸಪೂರವಿರುವ ಫೈಬರ್), ಓಎಸ್2 ದರ್ಜೆ, 9/125 ಮೈಕ್ರಾನ್ (ಬೆಳಕಿನ ದಾರಿ 9, ಗಾಜಿನ ಎಳೆಯ ದಪ್ಪ 125). ಎರಡು ಎಳೆ ಸಾಕೆನಿಸಿದರೂ ಕನಿಷ್ಠ ನಾಲ್ಕು ಎಳೆಯದ್ದು ತನ್ನಿ.
- ಎರಡು ಗಿಗಾಬಿಟ್ ಮೀಡಿಯಾ ಕನ್ವರ್ಟರ್ (ತಾಮ್ರದ ಸಿಗ್ನಲನ್ನು ಬೆಳಕಿಗೂ ಬೆಳಕನ್ನು ತಾಮ್ರಕ್ಕೂ ಬದಲಿಸುವ ಪೆಟ್ಟಿಗೆ), ಅಥವಾ ಫೈಬರ್ ಮಾಡ್ಯೂಲ್ ಸಿಕ್ಕಿಸುವ ಎಸ್ಎಫ್‌ಪಿ ಕಿಂಡಿಯಿರುವ ಸ್ವಿಚ್ಚುಗಳು ಮತ್ತು ಒಂದು ಜೊತೆ 10 ಕಿ.ಮೀ. ದರ್ಜೆಯ ಮಾಡ್ಯೂಲ್.
- ಎರಡೂ ತುದಿಗೆ ಗೋಡೆಯ ಟರ್ಮಿನೇಶನ್ ಪೆಟ್ಟಿಗೆ, ಫೈಬರ್ ಪ್ಯಾಚ್ ಕಾರ್ಡ್.
- ಫೈಬರ್ ಕನೆಕ್ಟರಿನ ತುದಿ ಒರೆಸುವ ಒಂದು ಕ್ಲಿಕ್ ಕ್ಲೀನರ್, ನೂಲು ಬಿಡದ ಒರೆಸು ಬಟ್ಟೆ, ಐಸೊಪ್ರೊಪೈಲ್ ಆಲ್ಕೋಹಾಲ್.

ಬೆಳಕಿನ ದಾರಿ ಇನ್ನಷ್ಟು ಅಗಲವಿರುವ ಮಲ್ಟಿ ಮೋಡ್ ಕೇಬಲಿನಲ್ಲಿ 10 ಗಿಗಾಬಿಟ್ ಓಎಂ3 ದರ್ಜೆಗೆ 300 ಮೀಟರ್, ಓಎಂ4ಗೆ 400 ಮೀಟರ್ ಮಾತ್ರ. ಇಂದು ಗಿಗಾಬಿಟ್‌ಗೆ ಹಾಕಿದ ಸಿಂಗಲ್ ಮೋಡ್ ಎಳೆ ನಾಳೆ ಹತ್ತಕ್ಕೂ ಒದಗುತ್ತದೆ. ಹಾಗಾಗಿ 150 ಮೀಟರಿಗೂ ಸಿಂಗಲ್ ಮೋಡೇ ಜಾಣತನ.

ಗಾಜಿನ ಎಳೆಗಳನ್ನು ಬೆಸೆಯುವ ಸ್ಪ್ಲೈಸಿಂಗ್ ಯಂತ್ರ ಇಲ್ಲದವರು ತುದಿಗೆ ಕನೆಕ್ಟರ್ ಹಾಕಿಯೇ ಬರುವ ಸಿದ್ಧ ಕೇಬಲ್ ತರಿಸಿಕೊಳ್ಳಬೇಕು. ಇದನ್ನು ಕತ್ತರಿಸಿ ಸರಿಮಾಡಲು ಆಗದು, ಆದ್ದರಿಂದ ಹಂತ 1ರ ಅಳತೆ ಇಲ್ಲಿ ಸರಿಯಾಗಿರಲೇಬೇಕು. ಉಳಿದ ಕೇಬಲನ್ನು ಸುರುಳಿ ಸುತ್ತಿ ಇಡಬಹುದು. ಕಡಿಮೆ ಬಿದ್ದರೆ ಏನೂ ಮಾಡಲಾಗದು.

## ಹಂತ 4: ದಾರಿ ಸಿದ್ಧಪಡಿಸಿ

ನೆಲದಡಿಗೆ 25 ಅಥವಾ 32 ಮಿ.ಮೀ. ಎಚ್‌ಡಿಪಿಇ ಪೈಪ್ ಹಾಕಿ. ಸಿದ್ಧ ಫೈಬರಿನ ಕನೆಕ್ಟರ್ ತಲೆ ಪೈಪಿನೊಳಗೆ ಆರಾಮವಾಗಿ ತೂರುತ್ತದೆಯೇ ಎಂದು ಮೊದಲೇ ನೋಡಿ. ಎರಡು ಎಳೆಯುವ ಬಿಂದುಗಳ ನಡುವೆ ಎರಡಕ್ಕಿಂತ ಹೆಚ್ಚು ಲಂಬ ತಿರುವು ಬೇಡ. ಬಂದರೆ ಅಲ್ಲೊಂದು ಪೆಟ್ಟಿಗೆ ಇಡಿ. ಚೂಪಾದ ಎಲ್ಬೋ ಬಿಟ್ಟು ಉದ್ದನೆಯ ಬೆಂಡ್ ಬಳಸಿ. ಎರಡಕ್ಕಿಂತ ಹೆಚ್ಚು ಕೇಬಲ್ ಹಾಕುವುದಾದರೆ ಪೈಪಿನ ಶೇ 40ಕ್ಕಿಂತ ಹೆಚ್ಚು ಜಾಗ ತುಂಬಬಾರದು. ಪೈಪ್ ಮುಚ್ಚುವ ಮೊದಲು ಒಂದು ನೈಲಾನ್ ಹಗ್ಗ ಒಳಗಿಡಿ, ಕೇಬಲ್ ಎಳೆಯುವಾಗ ಅದರ ಜೊತೆಗೇ ಇನ್ನೊಂದು ಹಗ್ಗವನ್ನೂ ಎಳೆದುಬಿಡಿ.

ವಿದ್ಯುತ್ ತಂತಿ ಇರುವ ಪೈಪಿನೊಳಗೆ ತಾಮ್ರದ ನೆಟ್‌ವರ್ಕ್ ಕೇಬಲ್ ಹಾಕಬೇಡಿ. ಸಿಗ್ನಲಿಗೆ ಬೆರೆಯುವ ವಿದ್ಯುತ್ ಸದ್ದಿನ (ನಾಯ್ಸ್) ಮಾತು ಹಾಗಿರಲಿ, ಇದು ಪ್ರಾಣಾಪಾಯದ ಪ್ರಶ್ನೆ. ಸಮಾನಾಂತರ ಸಾಗುವಾಗ ಕನಿಷ್ಠ ಒಂದು ಅಡಿ ಅಂತರ ಇರಲಿ, ದಾಟಲೇಬೇಕಾದರೆ ಲಂಬಕೋನದಲ್ಲಿ ದಾಟಿಸಿ.

ಕಟ್ಟಡದೊಳಕ್ಕೆ ಹೋಗುವ ಮುನ್ನ ಕೇಬಲ್ ರಂಧ್ರಕ್ಕಿಂತ ಕೆಳಗೆ ಇಳಿದು ಮೇಲೇರುವಂತೆ ಒಂದು ಕೊಂಡಿ ಬಿಡಿ, ಮಳೆನೀರು ಅಲ್ಲೇ ತೊಟ್ಟಿಕ್ಕುತ್ತದೆ. ಕಂಬದಿಂದ ಕಂಬಕ್ಕೆ ಗಾಳಿಯಲ್ಲಿ ಹೋಗುವುದಾದರೆ ತನ್ನ ಭಾರ ತಾನೇ ಹೊರುವ ಕೇಬಲ್ ಬೇಕು. ಸ್ಟೀಲ್ ಕವಚವೋ ಆಧಾರದ ತಂತಿಯೋ ಇರುವ ಫೈಬರ್ ಹಾಕಿದರೆ ಆ ಲೋಹಕ್ಕೆ ಅರ್ತ್ ಕೊಡಬೇಕು. ಇಲ್ಲವಾದರೆ ಸಿಡಿಲಿಗೆ ಹೆದರಿ ಫೈಬರ್ ತಂದು ಸ್ಟೀಲಿನ ಮೂಲಕ ಅದನ್ನೇ ಒಳಗೆ ಕರೆದಂತಾಗುತ್ತದೆ. ಲೋಹವೇ ಇಲ್ಲದ ಕೇಬಲ್ ಸಿಕ್ಕರೆ ಅದನ್ನೇ ಆರಿಸಿ.

## ಹಂತ 5: ನೆಲದ ಮೇಲೆ ಪರೀಕ್ಷಿಸಿ, ಆಮೇಲೆ ಎಳೆಯಿರಿ

ಕೇಬಲ್ ಇನ್ನೂ ಸುರುಳಿಯಲ್ಲಿರುವಾಗಲೇ ಎರಡೂ ತುದಿಗೆ ಸಾಧನ ಸಿಕ್ಕಿಸಿ ಸಂಪರ್ಕ ಬರುತ್ತದೆಯೇ ನೋಡಿ. ಕೆಟ್ಟ ಮಾಡ್ಯೂಲು, ತಪ್ಪು ಜೊತೆ, ದಾರಿಯಲ್ಲಿ ಮುರಿದ ಎಳೆ, ಎಲ್ಲವೂ ಇಲ್ಲೇ ಸಿಕ್ಕಿಬೀಳುತ್ತವೆ. ಪೈಪಿನೊಳಗೆ ಹೋದ ಮೇಲೆ ಗೊತ್ತಾದರೆ ಇಡೀ ದಿನದ ಶ್ರಮ ನೀರುಪಾಲು.

ನಾಲ್ಕು ಜೋಡಿಯ ತಾಮ್ರದ ಕೇಬಲ್ ತಡೆಯುವ ಎಳೆತ 110 ನ್ಯೂಟನ್, ಅಂದರೆ ಸುಮಾರು 11 ಕಿಲೋ ಭಾರ. ಅದಕ್ಕಿಂತ ಜಗ್ಗಿದರೆ ಒಳಗಿನ ತಿರುಚು ಸಡಿಲಾಗುತ್ತದೆ. ಹೊರಗೆ ಏನೂ ಕಾಣದು, ವೇಗ ಮಾತ್ರ ಬರದು. ಸಿಕ್ಕಿಕೊಂಡರೆ ಜಗ್ಗಬೇಡಿ, ಹಿಂದೆ ತೆಗೆದು ಪೈಪಿಗೆ ಕೇಬಲ್ ಲೂಬ್ರಿಕೆಂಟ್ ಹಾಕಿ. ಫೈಬರನ್ನು ಕನೆಕ್ಟರ್ ಹಿಡಿದು ಎಂದೂ ಎಳೆಯಬಾರದು. ಒಳಗಿರುವ ಹಳದಿ ಅರಾಮಿಡ್ ನೂಲಿಗೆ ಅಥವಾ ಕೇಬಲ್ ಜೊತೆ ಬಂದ ಎಳೆಯುವ ಕಣ್ಣಿಗೆ ಹಗ್ಗ ಕಟ್ಟಿ.

ಬಾಗಿಸುವ ಮಿತಿ: ತಾಮ್ರಕ್ಕೆ ಕೇಬಲ್ ದಪ್ಪದ ನಾಲ್ಕು ಪಟ್ಟು ತ್ರಿಜ್ಯ, ಫೈಬರಿಗೆ ಎಳೆಯುವಾಗ ಇಪ್ಪತ್ತು ಪಟ್ಟು, ಕೂರಿಸಿದ ಮೇಲೆ ಹತ್ತು ಪಟ್ಟು. ಟೈ ಬಿಗಿಯುವಾಗ ಹೊದಿಕೆ ಒತ್ತಿಹೋಗಬಾರದು.

## ಹಂತ 6: ತುದಿಗಳನ್ನು ಕಟ್ಟುವುದು

ತಾಮ್ರಕ್ಕೆ ಟಿ568ಬಿ ಎಂಬ ಬಣ್ಣಗಳ ಕ್ರಮ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಯಲ್ಲಿ ಇದೇ. ಜೋಡಿಯ ತಿರುಚನ್ನು 13 ಮಿ.ಮೀ.ಗಿಂತ ಹೆಚ್ಚು ಬಿಚ್ಚಬೇಡಿ; ಹೊದಿಕೆ ಕನೆಕ್ಟರಿನ ಒಳಗೇ ಕಚ್ಚಿಕೊಂಡಿರಬೇಕು.

“ಎರಡೂ ಕಡೆ ಒಂದೇ ಕ್ರಮ ಇದ್ದರಾಯಿತು, ಬಣ್ಣ ಯಾವುದಾದರೇನು” ಎನ್ನುವ ವಾದವೇ ದೂರದ ಕೇಬಲ್ ಕೆಡಿಸುತ್ತದೆ. ಕಿತ್ತಳೆ ಜೋಡಿ, ಹಸಿರು ಜೋಡಿ, ನೀಲಿ ಜೋಡಿ, ಕಂದು ಜೋಡಿ ಎಂದು ಪಕ್ಕಪಕ್ಕ ಸಾಲಾಗಿ ಹಾಕಿದರೆ 3 ಮತ್ತು 6ನೇ ಪಿನ್ನುಗಳು ಎರಡು ಬೇರೆ ಜೋಡಿಗಳ ತಂತಿಗಳಾಗುತ್ತವೆ. ಜೋಡಿಯ ಎರಡು ತಂತಿ ಒಟ್ಟಿಗೆ ತಿರುಚಿಕೊಂಡಿದ್ದರೆ ಮಾತ್ರ ಹೊರಗಿನ ಸದ್ದು ಪರಸ್ಪರ ಕಳೆದುಹೋಗುವುದು. ಒಡೆದ ಜೋಡಿಯಲ್ಲಿ ಅದು ಆಗುವುದಿಲ್ಲ. ಎಂಟು ದೀಪದ ಅಗ್ಗದ ಟೆಸ್ಟರ್ ಇಲ್ಲಿ ಮೋಸ ಮಾಡುತ್ತದೆ: ತಂತಿ ತುದಿಯಿಂದ ತುದಿಗೆ ಮುಟ್ಟಿದೆಯೇ ಎಂದಷ್ಟೇ ನೋಡುವುದರಿಂದ ಒಂದರಿಂದ ಎಂಟೂ ದೀಪ ಸರಿಯಾಗಿ ಉರಿಯುತ್ತವೆ. ಎರಡು ಮೀಟರ್ ಕೇಬಲ್ ಈ ತಪ್ಪಿನಲ್ಲೂ ಓಡೀತು, ಎಂಬತ್ತು ಮೀಟರಿನದು ಓಡದು. ದೀಪವೆಲ್ಲ ಸರಿ, ಸಂಪರ್ಕ ಮಾತ್ರ ಕೆಟ್ಟಿದೆ ಎಂದಾದರೆ ಕನೆಕ್ಟರಿನ ಬಣ್ಣಗಳನ್ನು ಕಣ್ಣಾರೆ ಓದಿ.

ಫೈಬರಿನಲ್ಲಿ ಗಮನ ಬೇಕಾದದ್ದು ನಾಲ್ಕು ಕಡೆ.

ಮೊದಲನೆಯದು ಕಣ್ಣು. ಈ ಬೆಳಕು ಕಾಣದ ಅವಕೆಂಪು ಲೇಸರ್. ಕನೆಕ್ಟರಿನ ತುದಿಯನ್ನಾಗಲಿ ಮಾಡ್ಯೂಲಿನ ಕಿಂಡಿಯನ್ನಾಗಲಿ ಇಣುಕಿ ನೋಡಲೇಬಾರದು. ಕತ್ತರಿಸಿದ ಗಾಜಿನ ಚೂರು ಚರ್ಮಕ್ಕೆ ಹೊಕ್ಕರೆ ತೆಗೆಯುವುದು ಕಷ್ಟ. ಚೂರುಗಳನ್ನು ಮುಚ್ಚಳವಿರುವ ಡಬ್ಬಿಗೆ ಹಾಕಿ.

ಎರಡನೆಯದು ಜೊತೆ. ಒಂದೇ ಎಳೆಯಲ್ಲಿ ಎರಡೂ ದಿಕ್ಕು ಸಾಗುವ ಬೈಡಿ ಮಾದರಿಯಲ್ಲಿ ಒಂದು ತುದಿ 1310 ನ್ಯಾನೊಮೀಟರಿನಲ್ಲಿ ಕಳಿಸಿ 1550ರಲ್ಲಿ ಸ್ವೀಕರಿಸಿದರೆ ಇನ್ನೊಂದು ಅದರ ಉಲ್ಟಾ ಇರಬೇಕು. ಎರಡೂ ‘ಎ’ ತಂದರೆ ಏನೂ ಆಗದು. ಎರಡು ಎಳೆಯ ಮಾದರಿಯಲ್ಲಿ ಈ ಕಡೆಯ ಟಿಎಕ್ಸ್ (ಕಳಿಸುವ ಕಿಂಡಿ) ಆ ಕಡೆಯ ಸ್ವೀಕರಿಸುವ ಕಿಂಡಿಯಾದ ಆರ್‌ಎಕ್ಸ್‌ಗೆ ಹೋಗಬೇಕು. ಸಂಪರ್ಕ ಬರದಿದ್ದರೆ ಒಂದು ತುದಿಯಲ್ಲಿ ಮಾತ್ರ ಎರಡು ಎಳೆಗಳನ್ನು ಅದಲುಬದಲು ಮಾಡಿ.

ಮೂರನೆಯದು ಬಣ್ಣ. ನೀಲಿ ಕನೆಕ್ಟರ್ ಯುಪಿಸಿ, ಹಸಿರು ಎಪಿಸಿ. ಹಸಿರಿನ ತುದಿ ಎಂಟು ಡಿಗ್ರಿ ಓರೆ. ಎರಡನ್ನೂ ಎದುರುಬದುರು ಸಿಕ್ಕಿಸಿದರೆ ನಡುವೆ ಸಂದು ಉಳಿದು ಭಾರೀ ನಷ್ಟವಾಗುತ್ತದೆ, ತುದಿಯೂ ಹಾಳಾಗುತ್ತದೆ.

ನಾಲ್ಕನೆಯದು ಧೂಳು. 9 ಮೈಕ್ರಾನಿನ ಬೆಳಕಿನ ದಾರಿಯನ್ನು ಮುಚ್ಚಲು ಬೆರಳಿನ ಎಣ್ಣೆ ಸಾಕು. ಹೊಚ್ಚಹೊಸ ಕನೆಕ್ಟರನ್ನೂ ಒರೆಸದೆ ಸಿಕ್ಕಿಸಬೇಡಿ.

ದಾರಿಯಲ್ಲಿ ಬೆಳಕು ಎಷ್ಟು ಕುಗ್ಗುತ್ತದೆಂಬ ಲೆಕ್ಕವನ್ನೂ ಡೆಸಿಬೆಲ್‌ನಲ್ಲಿ ಹಾಕಿ ನೋಡಿ. 600 ಮೀಟರ್ ಕೇಬಲಿಗೆ, ಕಿ.ಮೀ.ಗೆ 0.4 ಡೆಸಿಬೆಲ್‌ನಂತೆ, ಸುಮಾರು 0.25. ಎರಡು ಜೋಡಣೆಗೆ ತಲಾ 0.5ರಂತೆ ಒಂದು ಡೆಸಿಬೆಲ್, ಎರಡು ಸ್ಪ್ಲೈಸಿಗೆ ತಲಾ 0.1. ಒಟ್ಟು ಒಂದೂವರೆಗಿಂತ ಕಡಿಮೆ. ಸಾಮಾನ್ಯ 10 ಕಿ.ಮೀ. ಮಾಡ್ಯೂಲು ಇದರ ಹಲವು ಪಟ್ಟು ನಷ್ಟ ತಾಳಿಕೊಳ್ಳುತ್ತದೆ. ಹಾಗೆಂದು “ಇನ್ನೂ ಬಲವಾದದ್ದು ಇರಲಿ” ಎಂದು 80 ಕಿ.ಮೀ. ಮಾಡ್ಯೂಲು ತರಬೇಡಿ. ಅಷ್ಟು ತೀಕ್ಷ್ಣ ಬೆಳಕು ಗಿಡ್ಡ ಕೇಬಲಿನಲ್ಲಿ ಎದುರಿನ ಬೆಳಕು ಸ್ವೀಕರಿಸುವ ಭಾಗವನ್ನು (ರಿಸೀವರ್) ಕುರುಡಾಗಿಸುತ್ತದೆ, ಸುಡಲೂಬಹುದು.

## ಹಂತ 7: ಕೇಬಲಿನಲ್ಲೇ ವಿದ್ಯುತ್ ಕಳಿಸುವುದಾದರೆ

ಪಿಒಇ ಮಾನದಂಡದ 802.3ಎಎಫ್ ದರ್ಜೆಯ ಪೋರ್ಟು 15.4 ವ್ಯಾಟ್ ಕಳಿಸುತ್ತದೆ, ಆ ತುದಿಗೆ ಖಾತರಿ 12.95 ಮಾತ್ರ. ‘ಎಟಿ’ ದರ್ಜೆಯಲ್ಲಿ 30ಕ್ಕೆ 25.5. ಉಳಿದದ್ದು ತಂತಿಯಲ್ಲಿ ಬಿಸಿಯಾಗಿ ಹೋಗುತ್ತದೆ. ಎಕ್ಸ್‌ಟೆಂಡರ್ ಹಾಕಿದರೆ ಪ್ರತಿಯೊಂದೂ ತನ್ನ ಪಾಲು ತಿನ್ನುತ್ತದೆ. ಆದ್ದರಿಂದ ಮೊದಲ ಸ್ವಿಚ್ಚು ‘ಎಟಿ’ ದರ್ಜೆಯದ್ದೇ ಇರಲಿ.

ಕ್ಯಾಮೆರಾ ಹಗಲು ಸರಿ ಇದ್ದು ಕತ್ತಲಾದ ಕೂಡಲೇ ಮತ್ತೆಮತ್ತೆ ರೀಸ್ಟಾರ್ಟ್ ಆಗುತ್ತಿದ್ದರೆ ಅದು ವಿದ್ಯುತ್ ಕೊರತೆ: ರಾತ್ರಿದೀಪಗಳು ಹತ್ತಿದಾಗ ಬೇಡಿಕೆ ಏರಿ ವೋಲ್ಟೇಜ್ ಕುಸಿಯುತ್ತದೆ. ಫೈಬರಿನಲ್ಲಿ ವಿದ್ಯುತ್ ಹೋಗುವುದಿಲ್ಲ, ಆ ತುದಿಯಲ್ಲಿ ಬೇರೆ ಸಂಪರ್ಕ ಬೇಕೆಂಬುದನ್ನು ಯೋಜನೆಯಲ್ಲೇ ಸೇರಿಸಿ.

## ಹಂತ 8: ಹೊರೆ ಹಾಕಿ ಪರೀಕ್ಷಿಸಿ

ದೀಪ ಉರಿದರೆ ಕೆಲಸ ಮುಗಿಯಲಿಲ್ಲ. ಎರಡೂ ತುದಿಗೆ ಒಂದೊಂದು ಕಂಪ್ಯೂಟರ್ ಕೂರಿಸಿ ಐಪರ್ಫ್ ಎಂಬ ವೇಗ ಅಳೆಯುವ ತಂತ್ರಾಂಶ ಓಡಿಸಿ. ಗಿಗಾಬಿಟ್ ಸಂಪರ್ಕದಲ್ಲಿ 940 ಎಂಬಿಪಿಎಸ್ ಆಸುಪಾಸು ಬರಬೇಕು. 94 ಬಂದರೆ ಸಂಪರ್ಕ ನೂರಕ್ಕೆ ಇಳಿದಿದೆ. ಎರಡೂ ದಿಕ್ಕಿನಲ್ಲಿ ಅರ್ಧ ಗಂಟೆ ಓಡಲಿ. ಇಂಟರ್ನೆಟ್ ಸ್ಪೀಡ್ ಟೆಸ್ಟ್ ಇದಕ್ಕೆ ಬದಲಿಯಲ್ಲ, ಅದು ಹೊರಗಿನ ಲೈನಿನ ವೇಗವನ್ನೂ ಬೆರೆಸಿ ಹೇಳುತ್ತದೆ. ಆಮೇಲೆ ಸ್ವಿಚ್ಚಿನ ಪೋರ್ಟ್ ಅಂಕಿಅಂಶದಲ್ಲಿ ಸಿಆರ್‌ಸಿ ದೋಷಗಳ (ದಾರಿಯಲ್ಲಿ ಕೆಟ್ಟು ಬಂದ ದತ್ತಾಂಶದ) ಎಣಿಕೆ ನೋಡಿ. ಸೊನ್ನೆ ಇರಬೇಕು. ಏರುತ್ತಿದ್ದರೆ ಕೇಬಲಿನಲ್ಲಿ ದೋಷವಿದೆ, ಈಗ ಎಷ್ಟೇ ಚೆನ್ನಾಗಿ ಓಡುತ್ತಿರಲಿ.

## ಲಕ್ಷಣ ಕಂಡಾಗ ಎಲ್ಲಿ ನೋಡಬೇಕು

ಗಿಗಾಬಿಟ್ ಬದಲು 100 ಎಂಬಿಪಿಎಸ್: 100ಕ್ಕೆ 1, 2, 3, 6ನೇ ಪಿನ್ನುಗಳಷ್ಟೇ ಸಾಕು, ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. ನೀಲಿ ಅಥವಾ ಕಂದು ಜೋಡಿಯಲ್ಲಿ ಒಂದು ತಂತಿ ಕೂತಿಲ್ಲ. ತುದಿ ಕತ್ತರಿಸಿ ಹೊಸದಾಗಿ ಕ್ರಿಂಪ್ ಮಾಡಿ.

ಸಣ್ಣ ಪಿಂಗ್ (ಸಂಪರ್ಕ ಪರೀಕ್ಷಿಸುವ ಪುಟ್ಟ ಸಂದೇಶ) ಸರಿ, ದೊಡ್ಡ ಫೈಲ್ ನಿಲ್ಲುತ್ತದೆ: ಉದ್ದ ಮೀರಿದೆ, ಜೋಡಿ ಒಡೆದಿದೆ, ಅಥವಾ ಒಂದು ತುದಿ ಫುಲ್ ಡುಪ್ಲೆಕ್ಸ್ (ಕಳಿಸುವುದೂ ಸ್ವೀಕರಿಸುವುದೂ ಒಟ್ಟಿಗೆ), ಇನ್ನೊಂದು ಹಾಫ್ (ಒಮ್ಮೆಗೆ ಒಂದೇ). ಕೊನೆಯದು ಯಾರೋ ಒಂದೇ ಕಡೆ ವೇಗವನ್ನು ಕೈಯಾರೆ ನಿಗದಿಪಡಿಸಿದಾಗ ಆಗುತ್ತದೆ. ಎರಡೂ ಕಡೆ ಆಟೊಗೆ ತನ್ನಿ.

ಮಳೆ ಬಂದ ಮಾರನೆಯ ದಿನದಿಂದ ಕಡಿತ: ಹೊದಿಕೆ ಎಲ್ಲೋ ಸೀಳಿ ನೀರು ಹೊಕ್ಕಿದೆ. ಕನೆಕ್ಟರ್ ಬಿಚ್ಚಿ ನೋಡಿ. ಪಿನ್ನಿನಲ್ಲಿ ಹಸಿರು ಕಿಲುಬು ಕಂಡರೆ ಆ ತುದಿ ಕತ್ತರಿಸಿದರೆ ಸಾಲದು, ಕೇಬಲ್ಲೇ ಬದಲಾಗಬೇಕು.

ಮೀಡಿಯಾ ಕನ್ವರ್ಟರಿನಲ್ಲಿ ಫೈಬರ್ ದೀಪ ಸತ್ತಿದೆ, ತಾಮ್ರದ ದೀಪವೂ ಸತ್ತಿದೆ: ಎಲ್ಎಫ್‌ಪಿ ಎಂಬ ಪುಟ್ಟ ಸ್ವಿಚ್ ಆನ್ ಇದ್ದರೆ ಒಂದು ಕಡೆಯ ಸಂಪರ್ಕ ಹೋದಾಗ ಅದು ಇನ್ನೊಂದನ್ನೂ ಬೇಕೆಂದೇ ಆರಿಸುತ್ತದೆ. ಪರೀಕ್ಷೆ ಮುಗಿಯುವತನಕ ಅದನ್ನು ಆಫ್ ಮಾಡಿ, ಆಗ ಕೆಟ್ಟಿರುವುದು ಯಾವ ಕಡೆ ಎಂದು ತಿಳಿಯುತ್ತದೆ. ಒಂದು ಕನ್ವರ್ಟರ್ ಗಿಗಾಬಿಟ್, ಇನ್ನೊಂದು 100 ಎಂಬಿಪಿಎಸ್ ಆಗಿದ್ದರೂ ಫೈಬರ್ ಸಂಪರ್ಕ ಬರುವುದಿಲ್ಲ.

ಫೈಬರ್ ಸಂಪರ್ಕ ನಿಧಾನವಾಗಿ ಹದಗೆಡುತ್ತಿದೆ: ಮಾಡ್ಯೂಲು ಬೆಳಕನ್ನು ತಾನೇ ಅಳೆದು ತೋರಿಸುವ ಡಿಡಿಎಂ ಮಾದರಿಯದ್ದಾದರೆ ಸ್ವಿಚ್ಚಿನಲ್ಲಿ ಬರುವ ಬೆಳಕಿನ ಪ್ರಮಾಣ ಡಿಬಿಎಂ ಲೆಕ್ಕದಲ್ಲಿ ಕಾಣುತ್ತದೆ. ಕೆಲಸ ಮುಗಿದ ದಿನ ಆ ಅಂಕಿಯನ್ನು, ಕೇಬಲಿನ ಉದ್ದ ಮತ್ತು ಎಳೆಗಳ ಬಣ್ಣದ ಜೊತೆ ಬರೆದು ಎರಡೂ ಪೆಟ್ಟಿಗೆಗಳ ಮುಚ್ಚಳದ ಒಳಗೆ ಅಂಟಿಸಿಡಿ. ಮುಂದೆ ಅದಕ್ಕಿಂತ 3 ಡೆಸಿಬೆಲ್ ಕುಸಿದದ್ದು ಕಂಡರೆ ಬೆಳಕು ಅರ್ಧಕ್ಕಿಳಿದಿದೆ ಎಂದರ್ಥ: ಮೊದಲು ಕನೆಕ್ಟರ್ ಒರೆಸಿ, ಆಮೇಲೆ ಎಲ್ಲಾದರೂ ಕೇಬಲ್ ಮಡಚಿ ಒತ್ತಿಹೋಗಿದೆಯೇ ಎಂದು ದಾರಿಯುದ್ದಕ್ಕೂ ನೋಡಿ.